ಚಕ್ರ ಸುತ್ತುತ್ತಲೇ ಇದ್ದರೆ: ಟಿವಿ ಸ್ಟ್ರೀಮಿಂಗ್ ದೋಷ ಪತ್ತೆ ಮಾಡುವ ಕ್ರಮ

ಟಿವಿಯಲ್ಲಿ ಆನ್‌ಲೈನ್ ವೀಡಿಯೊ ನಿಂತು ನಿಂತು ಓಡತೊಡಗಿದರೆ ಎಲ್ಲರ ಸಿಟ್ಟೂ ಮೊದಲು ಇಂಟರ್ನೆಟ್ ಪ್ಲಾನ್ ಮೇಲೆ ತಿರುಗುತ್ತದೆ. ಹೆಚ್ಚು ವೇಗದ ಪ್ಲಾನ್‌ಗೆ ಹಣ ಕಟ್ಟಿದ್ದಾಯಿತು, ಚಕ್ರ ಮಾತ್ರ ಸುತ್ತುತ್ತಲೇ ಇರುತ್ತದೆ. ವೀಡಿಯೊಗೆ ಬೇಕಾಗುವ ವೇಗ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ನೆಟ್‌ಫ್ಲಿಕ್ಸ್ ಕೇಳುವುದು 720ಪಿಗೆ 3, 1080ಪಿಗೆ 5, 4ಕೆಗೆ 15 ಎಂಬಿಪಿಎಸ್, ಅಷ್ಟೇ. 50 ಎಂಬಿಪಿಎಸ್ ಬರುತ್ತಿರುವ ಮನೆಯಲ್ಲಿ ಒಂದೇ ಒಂದು ಟಿವಿ ಪರದಾಡುತ್ತಿದ್ದರೆ, ತೊಂದರೆ ಹೆಚ್ಚಾಗಿ ಇರುವುದು ರೌಟರ್‌ನಿಂದ ಟಿವಿ ತನಕದ ದಾರಿಯಲ್ಲಿ, ಟಿವಿ ಹಿಂದೆ ಸಿಕ್ಕಿಸಿದ, ಆನ್‌ಲೈನ್ ವೀಡಿಯೊ ತರುವ ಸ್ಟಿಕ್‌ನಲ್ಲಿ, ಇಲ್ಲವೇ ಎಚ್‌ಡಿಎಂಐ ಕೇಬಲ್‌ನಲ್ಲಿ. ಯಾವುದರಲ್ಲಿ ಎಂದು ಖಚಿತವಾಗುವ ತನಕ ಹೊಸದೇನನ್ನೂ ಕೊಳ್ಳಬೇಡಿ. ಸೆಟ್ಟಿಂಗ್ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಲಕ್ಷಣ ನೋಡಿ ದಾರಿ ಹಿಡಿಯಿರಿ

"ಟಿವಿ ಸರಿಯಾಗಿ ಬರ್ತಿಲ್ಲ" ಎನ್ನುವುದರಲ್ಲಿ ಐದಾರು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ಚಿತ್ರ ನಿಂತು, ಚಕ್ರ ಸುತ್ತಿ, ಮತ್ತೆ ಮುಂದುವರಿದರೆ ಡೇಟಾ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ. ಅದು ನೆಟ್‌ವರ್ಕ್ ಕಡೆಯ ತೊಂದರೆ. ಎಲ್ಲೂ ನಿಲ್ಲದೆ ಚಿತ್ರ ಮಸುಕಾಗಿ ಬರುತ್ತಿದ್ದರೆ ಆ್ಯಪ್ ತಾನಾಗಿ ಗುಣಮಟ್ಟ ಇಳಿಸಿಕೊಂಡಿದೆ. ಅದಕ್ಕೆ ನೆಟ್‌ವರ್ಕ್ ಕಾರಣವಿರಬಹುದು, ಸಾಧನಕ್ಕೆ ಹೆಚ್ಚಿನ ಗುಣಮಟ್ಟದ ಅನುಮತಿ ಇಲ್ಲದಿರುವುದೂ ಕಾರಣವಿರಬಹುದು. ಚಿತ್ರ ಸ್ಪಷ್ಟವಾಗಿದ್ದು ಚಲನೆ ಮಾತ್ರ ತಡವರಿಸುತ್ತಿದ್ದರೆ ಸಾಧನದ ಪ್ರೊಸೆಸರ್ ಅಥವಾ ಫ್ರೇಮ್ ರೇಟ್ (ಸೆಕೆಂಡಿಗೆ ತೋರುವ ಚಿತ್ರಗಳ ಸಂಖ್ಯೆ) ನೋಡಬೇಕು. ಧ್ವನಿ ಇದೆ, ಪರದೆ ಕಪ್ಪು, ಅಥವಾ ಬಿಳಿ ಚುಕ್ಕಿಗಳು ಮಿನುಗುತ್ತಿವೆ ಎಂದರೆ ಎಚ್‌ಡಿಎಂಐ. ಆ್ಯಪ್ ತೆರೆಯುವುದೇ ಇಲ್ಲ ಎಂದರೆ ಗಡಿಯಾರ, ಕ್ಯಾಶ್ (ಆ್ಯಪ್ ಕೂಡಿಟ್ಟುಕೊಂಡ ತಾತ್ಕಾಲಿಕ ಮಾಹಿತಿ), ಖಾತೆ, ಇವುಗಳಲ್ಲಿ ಒಂದು.

ಲಕ್ಷಣ ಗೊತ್ತಾದ ಮೇಲೆ ಅದಲುಬದಲು ಪರೀಕ್ಷೆ ಮಾಡಿ. ಹತ್ತು ನಿಮಿಷ ಸಾಕು.

1. ಅದೇ ಟಿವಿಯಲ್ಲಿ ಬೇರೊಂದು ಆ್ಯಪ್ ಹಾಕಿ ನೋಡಿ. ಅದು ಚೆನ್ನಾಗಿ ಓಡಿದರೆ ಮೊದಲ ಆ್ಯಪ್ ಅಥವಾ ಆ ಸೇವೆಯದ್ದೇ ತೊಂದರೆ.
2. ಅದೇ ಕಾರ್ಯಕ್ರಮವನ್ನು ಅದೇ ವೈ-ಫೈಯಲ್ಲಿ, ಟಿವಿ ಪಕ್ಕದಲ್ಲೇ ನಿಂತು ಮೊಬೈಲ್‌ನಲ್ಲಿ ಹಾಕಿ. ಮೊಬೈಲ್‌ನಲ್ಲೂ ನಿಂತರೆ ನೆಟ್‌ವರ್ಕ್. ಟಿವಿಯಲ್ಲಿ ಮಾತ್ರ ನಿಂತರೆ ಟಿವಿ ಅಥವಾ ಸ್ಟಿಕ್.
3. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಟಿವಿಯನ್ನು ಅದಕ್ಕೆ ಜೋಡಿಸಿ. ಈಗ ಸರಾಗವಾಗಿ ಓಡಿದರೆ ಟಿವಿ ನಿರ್ದೋಷಿ, ಮನೆಯ ವೈ-ಫೈ ಅಥವಾ ಇಂಟರ್ನೆಟ್ ಲೈನ್ ಅಪರಾಧಿ. 4ಕೆ ವೀಡಿಯೊ ಗಂಟೆಗೆ 7 ಜಿಬಿ ತನಕ ನುಂಗುತ್ತದೆ, ಹಾಗಾಗಿ ಐದು ನಿಮಿಷ ನೋಡಿ ಹಾಟ್‌ಸ್ಪಾಟ್ ಆಫ್ ಮಾಡಿ.

ಯೂಟ್ಯೂಬ್‌ನೊಳಗಿನ ಮೀಟರ್

ಈ ಕೆಲಸಕ್ಕೆ ಬೇಕಾದ ಒಳ್ಳೆಯ ಉಪಕರಣವೊಂದು ಯೂಟ್ಯೂಬ್ ಆ್ಯಪ್ ಇರುವ ಟಿವಿಗಳಲ್ಲಿ ಪುಕ್ಕಟೆಯಾಗಿ ಇದೆ, ಬಳಸುವವರು ಕಡಿಮೆ. ಯೂಟ್ಯೂಬ್‌ನಲ್ಲಿ ಒಂದು 4ಕೆ ವೀಡಿಯೊ ಹಾಕಿ, ಸೆಟ್ಟಿಂಗ್ಸ್ ಚಕ್ರ ಒತ್ತಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆನ್ ಮಾಡಿ. ಪರದೆಯ ಮೂಲೆಯಲ್ಲಿ ಪುಟ್ಟ ಕಪ್ಪು ಚೌಕ ಬರುತ್ತದೆ. ಅದರಲ್ಲಿ ಎರಡು ಸಾಲು ಮಾತ್ರ ನೋಡಿ.

'ಬಫರ್ ಹೆಲ್ತ್' ಎಂಬ ಸಾಲು ಮುಂದಿನ ಎಷ್ಟು ಸೆಕೆಂಡಿನ ವೀಡಿಯೊ ಈಗಾಗಲೇ ಬಂದು ಕೂತಿದೆ ಎಂದು ಹೇಳುತ್ತದೆ. ಅದು 30, 22, 11, 4 ಎಂದು ಇಳಿದು ಸೊನ್ನೆ ಮುಟ್ಟಿದಾಗಲೇ ಚಕ್ರ ಕಾಣಿಸಿಕೊಂಡರೆ ನೆಟ್‌ವರ್ಕ್ ದೋಷ, ಅದರಲ್ಲಿ ಅನುಮಾನವಿಲ್ಲ. 'ಡ್ರಾಪ್ಡ್ ಫ್ರೇಮ್ಸ್' ಎಂಬುದು ಎಷ್ಟು ಫ್ರೇಮ್‌ಗಳನ್ನು ಸಾಧನ ತೋರಿಸಲಾಗದೆ ಬಿಟ್ಟಿದೆ ಎಂಬ ಲೆಕ್ಕ. ಬಫರ್ 30 ಸೆಕೆಂಡಿನ ಆಸುಪಾಸು ಗಟ್ಟಿಯಾಗಿ ನಿಂತಿದ್ದು, ಬಿಟ್ಟ ಫ್ರೇಮ್‌ಗಳ ಸಂಖ್ಯೆ ನೋಡನೋಡುತ್ತ ಏರುತ್ತಿದ್ದರೆ ನೆಟ್‌ವರ್ಕ್‌ಗೆ ಕೈ ಹಾಕಬೇಡಿ. ಆ ಸಾಧನಕ್ಕೆ ವೀಡಿಯೊ ಡೀಕೋಡ್ ಮಾಡುವ ಶಕ್ತಿ ಸಾಲುತ್ತಿಲ್ಲ, ಅಥವಾ ಅದು ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಂಡಿದೆ.

ಬಫರ್ ಎಂದರೆ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಬರುವ ನೀರು ಆಗಾಗ ನಿಂತರೂ ಟ್ಯಾಂಕ್ ತುಂಬಿರುವಷ್ಟು ಹೊತ್ತು ನಲ್ಲಿ ಹರಿಯುತ್ತದೆ. ಸಿನಿಮಾ ಚೆನ್ನಾಗಿ ಓಡಿ, ಕ್ರಿಕೆಟ್ ಲೈವ್ ಮಾತ್ರ ಕೈಕೊಡುವುದು ಇದಕ್ಕೇ. ಸಿನಿಮಾದ ಮುಂದಿನ ಭಾಗವನ್ನು ಆ್ಯಪ್ ಮೊದಲೇ ತುಂಬಿಕೊಳ್ಳಬಲ್ಲದು; ಲೈವ್‌ನಲ್ಲಿ ಮುಂದಿನ ಭಾಗ ಇನ್ನೂ ನಡೆದೇ ಇಲ್ಲ, ತುಂಬಿಕೊಳ್ಳಲು ಇರುವುದು ಕೆಲವೇ ಸೆಕೆಂಡಿನಷ್ಟು. ಹಾಗಾಗಿ ದುರ್ಬಲ ವೈ-ಫೈ ಮೊದಲು ಸಿಕ್ಕಿಬೀಳುವುದು ಲೈವ್‌ನಲ್ಲೇ. ತಕ್ಷಣದ ಉಪಾಯವೊಂದಿದೆ: ಲೈವ್ ಅನ್ನು ಅರ್ಧ ನಿಮಿಷ ಪಾಸ್ ಮಾಡಿ ಮತ್ತೆ ಪ್ಲೇ ಒತ್ತಿ. ಹಿಂದೆ ಸರಿಯಲು ಬಿಡುವ ಆ್ಯಪ್ ಆದರೆ ಅಷ್ಟು ಹೊತ್ತಿನ ಬಫರ್ ಸಿಗುತ್ತದೆ. ಪಕ್ಕದ ಮನೆಯ ಕೂಗು ಮೊದಲು ಕೇಳುತ್ತದೆ, ಅದೊಂದು ನಷ್ಟ.

ವೈ-ಫೈ: ಹೆಚ್ಚಿನ ದೋಷ ಇಲ್ಲೇ

ಟಿವಿ ತೋರಿಸುವ ಮೂರ್ನಾಲ್ಕು ಗೆರೆಗಳನ್ನು ನಂಬಬೇಡಿ. ಮೊಬೈಲ್‌ಗೆ ಯಾವುದಾದರೂ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಸ್ಟಿಕ್ ಇರುವ ಜಾಗದಲ್ಲೇ, ಅಂದರೆ ಟಿವಿಯ ಬೆನ್ನಿಗೆ ತಾಗುವಂತೆ ಹಿಡಿದು ಸಿಗ್ನಲ್ ಬಲದ ಅಳತೆಯಾದ ಡಿಬಿಎಂ ಓದಿ. ಇದು ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಅತ್ಯುತ್ತಮ. ಮೈನಸ್ 67 ತನಕ ವೀಡಿಯೊಗೆ ತೊಂದರೆಯಿಲ್ಲ. ಮೈನಸ್ 70 ದಾಟಿದರೆ ಆಗಾಗ ನಿಲ್ಲುವುದು ಶುರು, ಮೈನಸ್ 80ರಲ್ಲಿ ಸ್ಟ್ರೀಮಿಂಗ್ ಆಸೆ ಬಿಡಬೇಕು. ಕೋಣೆಯ ನಡುವೆ ಮೈನಸ್ 58 ತೋರಿಸಿದ ಮೊಬೈಲ್ ಟಿವಿ ಹಿಂದೆ ಹೋದ ಕೂಡಲೇ ಹತ್ತು ಡಿಬಿ ಕಳೆದುಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಟಿವಿಯ ಲೋಹದ ಚೌಕಟ್ಟು ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ, ಸ್ಟಿಕ್ ಅದರ ನೆರಳಲ್ಲೇ ಕೂತಿರುತ್ತದೆ. ಕೆಲವು ಸ್ಟಿಕ್‌ಗಳ ಡಬ್ಬಿಯಲ್ಲಿ ಒಂದು ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ತುಂಡು ಬಂದಿರುತ್ತದೆ. ಬಹಳಷ್ಟು ಮಂದಿ ಅದನ್ನು ಡಬ್ಬಿಯಲ್ಲೇ ಬಿಡುತ್ತಾರೆ. ಅದನ್ನು ಹಾಕಿ ಸ್ಟಿಕ್ ಟಿವಿಯ ಅಂಚಿನಿಂದ ಹೊರಗೆ ಇಳಿಬಿಡಿ. ಸಿಗ್ನಲ್ ಸುಧಾರಿಸುತ್ತದೆ, ಸ್ಟಿಕ್ ಬಿಸಿಯಾಗುವುದೂ ತಗ್ಗುತ್ತದೆ.

ಮುಂದಿನ ಪ್ರಶ್ನೆ ಬ್ಯಾಂಡ್, ಅಂದರೆ ವೈ-ಫೈ ಯಾವ ಅಲೆಗಳ ಮೇಲೆ ಓಡುತ್ತಿದೆ ಎಂಬುದು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಲ್ಲಿ ಜಂಗುಳಿ ಜಾಸ್ತಿ. ಅಕ್ಕಪಕ್ಕದ ಮನೆಗಳ ರೌಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಅಲೆಗಳ ಮೇಲೆ ಕೆಲಸ ಮಾಡುತ್ತವೆ. ಊಟ ಬಿಸಿ ಮಾಡುವ ಹೊತ್ತಿಗೇ ವೀಡಿಯೊ ನಿಲ್ಲುತ್ತದೆ ಎನ್ನುವವರ ದೂರು ನಿಜವಾದದ್ದೇ. ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ. ಟಿವಿಗೆ ಸಿಕ್ಕಿಸಿದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಕೂಡ ಈ ಬ್ಯಾಂಡ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಡಿಸ್ಕ್ ಕಿತ್ತು ನೋಡಿ ಸರಿಹೋದರೆ, ಅದನ್ನು ಉದ್ದ ಕೇಬಲ್‌ನಲ್ಲಿ ದೂರ ಇಡಿ. 2.4ರಲ್ಲೇ ಇರಬೇಕಾದ ಅನಿವಾರ್ಯ ಇದ್ದರೆ ರೌಟರ್‌ನಲ್ಲಿ ಚಾನೆಲ್ (ಬ್ಯಾಂಡ್ ಒಳಗಿನ ಒಂದು ಓಣಿ) ಅಗಲ 20 ಮೆಗಾಹರ್ಟ್ಸ್ ಮಾಡಿ, ಚಾನೆಲ್ 1, 6, 11 ಇವುಗಳಲ್ಲಿ ಖಾಲಿ ಇರುವುದನ್ನು ಆರಿಸಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. 3 ಅಥವಾ 8 ಖಾಲಿ ಕಂಡಿತೆಂದು ಅಲ್ಲಿ ಹೋಗಿ ಕೂತರೆ ಎರಡೂ ಬದಿಯ ಗದ್ದಲ ನಿಮ್ಮ ಪಾಲಿಗೆ ಬರುತ್ತದೆ.

ರೌಟರ್ ಅದೇ ಕೋಣೆಯಲ್ಲೋ, ಒಂದು ಗೋಡೆ ಆಚೆಗೋ ಇದ್ದರೆ ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಟಿವಿ ಹೆಚ್ಚಾಗಿ 2.4ಕ್ಕೇ ಅಂಟಿಕೊಳ್ಳುತ್ತದೆ, ಏಕೆಂದರೆ ಅದರ ಸಿಗ್ನಲ್ ದೊಡ್ಡದಾಗಿ ಕಾಣುತ್ತದೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು, ಟಿವಿಗೆ ಆ ಹೆಸರನ್ನು ಮಾತ್ರ ಕಲಿಸಿ, ಹಳೆಯದನ್ನು 'ಫರ್ಗೆಟ್' ಮಾಡಿ. ಎಲ್ಲ ಸಾಧನಕ್ಕೂ 5 ಗಿಗಾಹರ್ಟ್ಸ್ ಕಾಣುತ್ತಿದ್ದು ಸ್ಟಿಕ್‌ಗೆ ಮಾತ್ರ ಕಾಣದಿದ್ದರೆ ರೌಟರ್ 52ರಿಂದ 144ರೊಳಗಿನ ಚಾನೆಲ್‌ಗೆ ಹೋಗಿ ಕೂತಿರಬಹುದು. ಇವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ಅಗ್ಗದ ಸಾಧನಗಳು ಕೆಲವು ಇವನ್ನು ನೋಡುವುದೇ ಇಲ್ಲ. ಇನ್ನೊಂದು ಕಾಟ: ರೇಡಾರ್ ಸುಳಿವು ಸಿಕ್ಕಿದರೆ ರೌಟರ್ ನಿಯಮದ ಪ್ರಕಾರ ಚಾನೆಲ್ ಬಿಟ್ಟು ಓಡಲೇಬೇಕು, ಆಗ ಏನೂ ಕಾರಣವಿಲ್ಲದೆ ಟಿವಿಯ ಸಂಪರ್ಕ ಕಡಿದ ಹಾಗಾಗುತ್ತದೆ. 36, 40, 44, 48, ಇವುಗಳಲ್ಲಿ ಒಂದಕ್ಕೆ ಕಟ್ಟಿಹಾಕಿದರೆ ಎರಡೂ ತೊಂದರೆ ಕಳೆಯುತ್ತವೆ.

ವೈ-ಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ಮೆಶ್ ಅಥವಾ ರಿಪೀಟರ್ ಪೆಟ್ಟಿಗೆ ಹಾಕಿದವರು ಮಾಡುವ ಸಾಮಾನ್ಯ ತಪ್ಪು ಅದನ್ನು ಟಿವಿ ಪಕ್ಕದಲ್ಲೇ ಇಡುವುದು. ಟಿವಿಗೆ ಆಗ ಗೆರೆಗಳೆಲ್ಲ ಪೂರ್ತಿ ಕಾಣುತ್ತವೆ, ನಿಜ. ಆದರೆ ಆ ಪೆಟ್ಟಿಗೆಗೇ ರೌಟರ್ ಸಿಗ್ನಲ್ ಸರಿಯಾಗಿ ಸಿಗದಿದ್ದರೆ ಮುಂದಕ್ಕೆ ಏನನ್ನು ಕೊಟ್ಟೀತು? ರೌಟರ್ ಮತ್ತು ಟಿವಿಯ ನಡುದಾರಿಯಲ್ಲಿ ಇಡಿ.

ಎಳೆಯಲು ಸಾಧ್ಯವಿದ್ದರೆ ಲ್ಯಾನ್ ಕೇಬಲ್ ಎಳೆಯಿರಿ. ಇದಕ್ಕಿಂತ ಒಳ್ಳೆಯ ಸಲಹೆ ಈ ವಿಷಯದಲ್ಲಿ ಇಲ್ಲ. ಕೇಬಲ್ ಹಾಕಿದ ಮೇಲೆ ಟಿವಿಯ ಸ್ಪೀಡ್ ಟೆಸ್ಟ್ 90ರ ಆಸುಪಾಸಿಗೇ ನಿಂತುಬಿಟ್ಟರೆ ಗಾಬರಿ ಬೇಡ. ಬಹುತೇಕ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ. 4ಕೆಗೆ ಅದು ಧಾರಾಳವಾಯಿತು, ಅಲುಗಾಡದ 90 ಎಂಬಿಪಿಎಸ್ ಏರಿಳಿಯುವ 300ಕ್ಕಿಂತ ಮೇಲು.

ವೇಗ ಚೆನ್ನಾಗಿದೆ, ಆದರೂ ನಿಲ್ಲುತ್ತದೆ

ಮೊದಲು ಅಪ್‌ಲೋಡ್ ನೋಡಿ. ಮನೆಯ ಯಾವುದೋ ಫೋನ್ ಫೋಟೊ ಬ್ಯಾಕಪ್ ಮಾಡುತ್ತಿದ್ದರೆ, ಕ್ಯಾಮೆರಾ ಕ್ಲೌಡ್‌ಗೆ ರೆಕಾರ್ಡಿಂಗ್ ಕಳಿಸುತ್ತಿದ್ದರೆ, ಅಪ್‌ಲೋಡ್ ದಾರಿ ತುಂಬಿ ರೌಟರ್‌ನಲ್ಲಿ ಸಾಲು ಬೆಳೆಯುತ್ತದೆ. ವೀಡಿಯೊ ಬರುವುದು ಡೌನ್‌ಲೋಡ್‌ನಲ್ಲಿ, ಆದರೆ ಬಂದದ್ದು ತಲುಪಿತು ಎಂಬ ಉತ್ತರ ಹೋಗಬೇಕಾದದ್ದು ಅಪ್‌ಲೋಡ್‌ನಲ್ಲಿ. ಉತ್ತರ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಬರುವುದೂ ನಿಧಾನವಾಗುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರ್‌ನಲ್ಲಿ 1.1.1.1 ಎಂಬ ಸರ್ವರ್ ವಿಳಾಸಕ್ಕೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಆಜ್ಞೆ) ಬಿಟ್ಟು, ಅದೇ ವೇಳೆ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್ ಮಾಡಿ. ಮೊದಲು 15 ಮಿಲಿಸೆಕೆಂಡ್ ಇದ್ದದ್ದು 300, 400ಕ್ಕೆ ಹಾರಿದರೆ ಇದೇ ರೋಗ. ರೌಟರ್‌ನಲ್ಲಿ ಎಸ್‌ಕ್ಯುಎಂ ಎಂಬ, ಈ ಸಾಲು ಬೆಳೆಯದಂತೆ ತಡೆಯುವ ಸೌಲಭ್ಯವಿದ್ದರೆ ಆನ್ ಮಾಡಿ, ಅಳೆದ ವೇಗದ ಶೇ 85ರಿಂದ 90ಕ್ಕೆ ಮಿತಿ ಹಾಕಿ. ಇಲ್ಲದಿದ್ದರೆ ಬ್ಯಾಕಪ್ ಸಮಯವನ್ನು ರಾತ್ರಿಗೆ ತಳ್ಳಿ.

ಎರಡನೆಯದಾಗಿ, ಎರಡು ಕಡೆ ವೇಗ ಅಳೆಯಿರಿ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನದ್ದು, ಅಳೆಯುವುದೂ ಅದರದೇ ಸರ್ವರ್‌ಗಳಿಂದ. ಬೇರೆ ಸ್ಪೀಡ್ ಟೆಸ್ಟ್ 100 ತೋರಿಸಿ ಫಾಸ್ಟ್ ಮಾತ್ರ 6 ತೋರಿಸಿದರೆ, ನಿಮ್ಮ ಮನೆಯಲ್ಲಿ ಏನೂ ಕೆಟ್ಟಿಲ್ಲ; ಇಂಟರ್ನೆಟ್ ಕಂಪನಿಯಿಂದ ಆ ಸೇವೆಗೆ ಹೋಗುವ ದಾರಿ ಇಕ್ಕಟ್ಟಾಗಿದೆ. ಸಂಜೆ 8ರಿಂದ 11ರ ನಡುವೆ ಮಾತ್ರ ಹೀಗಾದರೆ ಅನುಮಾನ ಇನ್ನೂ ಗಟ್ಟಿ. ವಿಪಿಎನ್ ಆನ್ ಇದ್ದರೆ ಅಳೆಯುವ ಮೊದಲು ಆಫ್ ಮಾಡಿ.

ಡಿಎನ್‌ಎಸ್ (ತಾಣದ ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಬಫರಿಂಗ್ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಆ್ಯಪ್ ತೆರೆಯುವುದೇ ತಡವಾಗುತ್ತಿದ್ದರೆ ಅದು ನೆರವಾದೀತು. ಓಡುತ್ತಿರುವ ವೀಡಿಯೊ ನಿಲ್ಲುವುದಕ್ಕೆ ಅದು ಮದ್ದಲ್ಲ. ಯಾವ ಸರ್ವರ್ ನಿಮಗೆ ಹತ್ತಿರ ಎಂದು ಕೆಲವು ಸೇವೆಗಳು ಡಿಎನ್‌ಎಸ್ ನೋಡಿಯೇ ತೀರ್ಮಾನಿಸುವುದರಿಂದ, ಬದಲಿಸಿ ದೂರದ ಸರ್ವರ್ ಪಾಲಿಗೆ ಬಂದರೆ ಇದ್ದದ್ದೂ ಕೆಡುತ್ತದೆ.

ಸ್ಟಿಕ್‌ಗೆ ಕರೆಂಟು, ಟಿವಿಗೆ ನಿಜವಾದ ರೀಸ್ಟಾರ್ಟ್

ನಡುವೆ ತಾನಾಗಿ ರೀಸ್ಟಾರ್ಟ್ ಆಗುವ ಸ್ಟಿಕ್‌ನ ಕಾರಣ ಹೆಚ್ಚಾಗಿ ಕರೆಂಟು. ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಸ್ಟಿಕ್ ಕೇಳುವುದು 1 ಆಂಪ್ ಅಥವಾ ಹೆಚ್ಚು. ಹೋಮ್ ಪರದೆಯಲ್ಲಿ ಸುಮ್ಮನಿರುವಾಗ ಸಾಲುತ್ತದೆ. 4ಕೆ ಓಡಿಸುತ್ತ ವೈ-ಫೈಯೂ ಪೂರ್ತಿ ಕೆಲಸ ಮಾಡುವಾಗ ಸಾಲದು. ಜೊತೆಗೆ ಬಂದ ಅಡಾಪ್ಟರ್, ಜೊತೆಗೆ ಬಂದ ಕೇಬಲ್ ಎರಡನ್ನೂ ಬಳಸಿ ಗೋಡೆಯ ಪ್ಲಗ್‌ಗೆ ಹಾಕಿ.

ರಿಮೋಟ್‌ನಲ್ಲಿ ಆಫ್ ಮಾಡಿದರೆ ಟಿವಿ ಮಲಗುತ್ತದೆಯೇ ಹೊರತು ಆಫ್ ಆಗುವುದಿಲ್ಲ; ಕೆಟ್ಟ ಸ್ಥಿತಿ ಹಾಗೇ ಉಳಿದಿರುತ್ತದೆ. ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಸ್ಯಾಮ್‌ಸಂಗ್ ಸ್ಮಾರ್ಟ್ ಟಿವಿಗಳಲ್ಲಿ ಪವರ್ ಬಟನ್ ಅನ್ನು ಟಿವಿ ಆರಿ ಮತ್ತೆ ಹೊತ್ತುವ ತನಕ ಒತ್ತಿ ಹಿಡಿಯಬಹುದು. ಫೈರ್ ಟಿವಿ ಸ್ಟಿಕ್‌ಗೆ ನಡುವಿನ ಸೆಲೆಕ್ಟ್ ಬಟನ್ ಮತ್ತು ಪ್ಲೇ ಬಟನ್ ಎರಡನ್ನೂ ಒಟ್ಟಿಗೆ 5 ಸೆಕೆಂಡು ಹಿಡಿಯಿರಿ. ಎಲ್ಲವನ್ನೂ ರೀಸ್ಟಾರ್ಟ್ ಮಾಡುವುದಾದರೆ ಮೊದಲು ಮೋಡೆಮ್, ಅದರ ದೀಪಗಳು ಮಿನುಗುವುದು ನಿಂತು ಸ್ಥಿರವಾದ ಮೇಲೆ ರೌಟರ್, ಕೊನೆಗೆ ಟಿವಿ.

ಎಚ್‌ಡಿಎಂಐ ಮತ್ತು 480ಪಿಗೆ ಅಂಟಿಕೊಂಡ ಚಿತ್ರ

ಕಪ್ಪು ಪರದೆ ಅಥವಾ 'ಎಚ್‌ಡಿಸಿಪಿ' (ಎಚ್‌ಡಿಎಂಐ ದಾರಿಯಲ್ಲಿ ನಕಲು ತಡೆಯುವ ವ್ಯವಸ್ಥೆ) ಎಂಬ ಸಂದೇಶ ಬಂದರೆ ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿಗೆ ಇಳಿಸಿ. ಆಗ ಚಿತ್ರ ಬಂದರೆ ಕೇಬಲ್, ಪೋರ್ಟ್, ಅಥವಾ ನಡುವೆ ಇರುವ ಸೌಂಡ್‌ಬಾರ್, ಇವುಗಳಲ್ಲಿ ಒಂದರ ಮಿತಿ ಅಡ್ಡ ಬಂದಿದೆ. 4ಕೆ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ದಾರಿಯ ಪ್ರತಿ ಸಾಧನದಲ್ಲೂ ಎಚ್‌ಡಿಸಿಪಿ 2.2 ಇರಬೇಕು. ಹಳೆಯ ಸೌಂಡ್‌ಬಾರ್ ಮೂಲಕ ಹಾಯಿಸಿದರೆ ಅದೊಂದೇ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತದೆ. ಸ್ಟಿಕ್ ನೇರ ಟಿವಿಗೆ ಹಾಕಿ. 60 ಫ್ರೇಮ್‌ನ 4ಕೆ ಎಚ್‌ಡಿಆರ್‌ಗೆ 18 ಜಿಬಿಪಿಎಸ್ ತಾಳುವ 'ಪ್ರೀಮಿಯಂ ಹೈ ಸ್ಪೀಡ್' ಕೇಬಲ್ ಬೇಕು. ಬಿಳಿ ಚುಕ್ಕಿಗಳು ಮಿನುಗುತ್ತಿದ್ದರೆ ಕೇಬಲ್ ಸೋಲುತ್ತಿದೆ, ಬದಲಿಸಿ. ಕೆಲವು ಟಿವಿಗಳಲ್ಲಿ ಪೋರ್ಟ್‌ನ ಪೂರ್ಣ ಸಾಮರ್ಥ್ಯವನ್ನು ನಾವೇ ಆನ್ ಮಾಡಬೇಕು: ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಡೀಪ್ ಕಲರ್', ಸೋನಿಯಲ್ಲಿ 'ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್'.

ವೇಗ ಎಷ್ಟಿದ್ದರೂ ಒಂದು ಆ್ಯಂಡ್ರಾಯ್ಡ್ ಬಾಕ್ಸ್‌ನಲ್ಲಿ ಚಿತ್ರ 480ಪಿ ದಾಟದಿದ್ದರೆ, ವೈಡ್‌ವೈನ್ ಮಟ್ಟ ನೋಡಿ. ನಕಲು ತಡೆಯುವ ಈ ವ್ಯವಸ್ಥೆಯಲ್ಲಿ ಎಲ್1 ಎಂದರೆ ಭದ್ರತೆ ಹಾರ್ಡ್‌ವೇರ್‌ನಲ್ಲೇ ಇದೆ, ಎಲ್3 ಎಂದರೆ ಬರೀ ಸಾಫ್ಟ್‌ವೇರ್‌ನಲ್ಲಿದೆ. ಎಲ್3 ಇರುವ ಬಾಕ್ಸ್‌ಗೆ ದೊಡ್ಡ ಸೇವೆಗಳು ಹೆಚ್ಚಾಗಿ ಎಚ್‌ಡಿ ಕೊಡುವುದೇ ಇಲ್ಲ. 'ಡಿಆರ್‌ಎಂ ಇನ್ಫೊ' ಎಂಬ ಆ್ಯಪ್ ಈ ಮಟ್ಟವನ್ನು ತೋರಿಸುತ್ತದೆ. ಎಲ್3 ಎಂದು ಬಂದರೆ ರೌಟರ್ ಜೊತೆ ಗುದ್ದಾಡಿ ಪ್ರಯೋಜನವಿಲ್ಲ, ಬಾಕ್ಸ್ ಬದಲಿಸುವುದೊಂದೇ ದಾರಿ.

ಸಿನಿಮಾದಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಮಾತ್ರ ಚಿತ್ರ ಜಗ್ಗಿದಂತಾಗುವುದು ದೋಷವಲ್ಲ. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾವನ್ನು 60 ಹರ್ಟ್ಸ್ ಪರದೆಗೆ ಹೊಂದಿಸಲು ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಬೇಕಾಗುತ್ತದೆ. ಫೈರ್ ಟಿವಿ, ಆ್ಯಪಲ್ ಟಿವಿಗಳಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯಿದೆ, ಆನ್ ಮಾಡಿ. ಕಾರ್ಯಕ್ರಮ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗುವುದು ಆಗ ಸಹಜ.

ಧ್ವನಿ

ಆಪ್ಟಿಕಲ್ ಕೇಬಲ್‌ನಲ್ಲಿ ಸೌಂಡ್‌ಬಾರ್ ಜೋಡಿಸಿ, ಒಂದು ಆ್ಯಪ್‌ನಲ್ಲಿ ಮಾತ್ರ ಸದ್ದೇ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಧ್ವನಿ ಮಾದರಿ. ಸ್ಟ್ರೀಮಿಂಗ್‌ನಲ್ಲಿ ಅದೇ ಹೆಚ್ಚು ಬಳಕೆ, ಆಪ್ಟಿಕಲ್ ಅದನ್ನು ಸಾಗಿಸಲಾರದು. ಟಿವಿಯ ಡಿಜಿಟಲ್ ಔಟ್‌ಪುಟ್ ಅನ್ನು 'ಪಾಸ್‌ಥ್ರೂ' ಬಿಟ್ಟು 'ಪಿಸಿಎಂ' ಅಥವಾ 'ಡಾಲ್ಬಿ ಡಿಜಿಟಲ್' ಮಾಡಿ, ಸಾಧ್ಯವಿದ್ದರೆ ಎಚ್‌ಡಿಎಂಐ ಎಆರ್‌ಸಿಗೆ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಸೌಂಡ್‌ಬಾರ್‌ಗೆ ಕಳಿಸುವ ದಾರಿ) ಬದಲಿಸಿ.

ತುಟಿಗೂ ಮಾತಿಗೂ ಹೊಂದದಿದ್ದರೆ ಎಲ್ಲ ಆ್ಯಪ್‌ಗಳಲ್ಲೂ ಹೀಗೇ ಇದೆಯೇ ನೋಡಿ. ಎಲ್ಲದರಲ್ಲೂ ಇದ್ದರೆ ಸೌಂಡ್‌ಬಾರ್ ದಾರಿಯ ವಿಳಂಬ. ಒಂದರಲ್ಲಿ ಮಾತ್ರ ಇದ್ದರೆ ಆ ಆ್ಯಪ್ ಮುಚ್ಚಿ ತೆರೆದರೆ ಹೆಚ್ಚಾಗಿ ಸರಿಹೋಗುತ್ತದೆ. ಧ್ವನಿ 45 ಮಿಲಿಸೆಕೆಂಡ್ ಮುಂಚೆ ಬಂದರೇ ನಮಗೆ ಗೊತ್ತಾಗುತ್ತದೆ, ತಡವಾಗಿ ಬಂದರೆ 125ರ ತನಕ ಗಮನಕ್ಕೆ ಬರುವುದಿಲ್ಲ. ಹಾಗಾಗಿ ಧ್ವನಿ ಮುಂಚೆ ಬರುತ್ತಿದ್ದರೆ ಆಡಿಯೊ ಡಿಲೇಯನ್ನು 10, 20ರಂತೆ ಸ್ವಲ್ಪಸ್ವಲ್ಪವೇ ಏರಿಸಿ, ತಡವಾಗಿ ಬರುತ್ತಿದ್ದರೆ ಇಳಿಸಿ, ಸುದ್ದಿ ಓದುವವರ ತುಟಿ ನೋಡುತ್ತ ಹೊಂದಿಸಿ.

ಆ್ಯಪ್ ತೆರೆಯುವುದೇ ಇಲ್ಲ

ಮೊದಲು ಟಿವಿಯ ದಿನಾಂಕ, ಸಮಯ ನೋಡಿ. ಗಡಿಯಾರ ತಪ್ಪಿದ್ದರೆ ಸರ್ವರ್‌ನ ಪ್ರಮಾಣಪತ್ರ (ಅದು ಅಸಲಿ ಸರ್ವರ್ ಎಂದು ಸಾರುವ ಡಿಜಿಟಲ್ ದಾಖಲೆ) ಅವಧಿ ಮೀರಿದಂತೆಯೋ ಇನ್ನೂ ಶುರುವಾಗದಂತೆಯೋ ಕಂಡು ಟಿವಿ ಸಂಪರ್ಕವನ್ನೇ ನಿರಾಕರಿಸುತ್ತದೆ. ಪ್ರಮಾಣಪತ್ರವೇ ನಿಜವಾಗಿ ಹಳತಾಗುವುದೂ ಉಂಟು: 2021ರ ಸೆಪ್ಟೆಂಬರ್ 30ರಂದು, ಇಂಥ ಪ್ರಮಾಣಪತ್ರ ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅಪ್‌ಡೇಟ್ ನಿಂತುಹೋದ ಹಳೆಯ ಸಾಧನಗಳು ಅನೇಕ ತಾಣಗಳಿಗೆ ಸಂಪರ್ಕ ಕಳೆದುಕೊಂಡವು. ಅಂಥ ಟಿವಿಗೆ ಹೊಸ ಸ್ಟಿಕ್ ಹಾಕಿ ಬಳಸುವುದೇ ಅಗ್ಗದ ದಾರಿ, ಪರದೆ ಇನ್ನೂ ಚೆನ್ನಾಗಿಯೇ ಇರುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ಎನ್‌ಡಬ್ಲ್ಯು-2-5 ಎಂಬ ಕೋಡ್ ಬಂದರೆ ಸಂಪರ್ಕದ ತೊಂದರೆ, ಯುಐ-800-3 ಬಂದರೆ ಸಾಧನದಲ್ಲಿ ಉಳಿದ ಹಳೆಯ ಮಾಹಿತಿ ತೆಗೆಯಬೇಕು. 'ಕ್ಲಿಯರ್ ಕ್ಯಾಶ್' ಒತ್ತಿದರೆ ಏನೂ ನಷ್ಟವಿಲ್ಲ. 'ಕ್ಲಿಯರ್ ಡೇಟಾ' ಒತ್ತಿದರೆ ಲಾಗಿನ್ ಹೋಗುತ್ತದೆ, ಪಾಸ್‌ವರ್ಡ್ ಕೈಯಲ್ಲಿಟ್ಟುಕೊಂಡೇ ಮಾಡಿ. ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯದು.

ಇಷ್ಟಾದ ಮೇಲೆ ಲೈನ್‌ನಲ್ಲೇ ದೋಷ ಎಂದು ತೀರ್ಮಾನವಾದರೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರ ರೌಟರ್‌ಗೆ ಜೋಡಿಸಿ ಮೂರು ಸಂಜೆ ವೇಗ, ಪಿಂಗ್, ಸಮಯ ಬರೆದಿಡಿ. "ವೈ-ಫೈ ಪ್ರಾಬ್ಲಂ ಇರಬಹುದು ಸಾರ್" ಎಂಬುದೇ ಆ ಕಡೆಯಿಂದ ಬರುವ ಮೊದಲ ಉತ್ತರ. ಕೇಬಲ್‌ನಲ್ಲಿ ಅಳೆದ ಅಂಕಿಗಳನ್ನು ಓದಿ ಹೇಳಿದರೆ ಆ ಮಾತು ಅಲ್ಲಿಗೇ ಮುಗಿದು, ಲೈನ್ ನೋಡುವವರನ್ನು ಕಳಿಸುವ ವಿಷಯ ಶುರುವಾಗುತ್ತದೆ.